ದಾಲ್ ಮಿಲ್ಲಿನ ಕಾವಲುಗಾರರಿಗೆ ಅಗ್ನಿನಂದಕ ತರಬೇತಿ ಕೊಡುವ ಬಗೆ

ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಮತ್ತು ಗೋದಾಮುಗಳಲ್ಲಿ ರಾತ್ರಿ ಪಾಳಿಯ ಕಾವಲುಗಾರ ಹೆಚ್ಚಾಗಿ ಒಬ್ಬನೇ ಇರುತ್ತಾನೆ. ಹೊಗೆಯ ವಾಸನೆ ಮೊದಲು ಬಡಿಯುವುದು ಅವನ ಮೂಗಿಗೆ. ಆದ್ದರಿಂದ ಗೋಡೆಯ ಮೇಲೆ ಬೆಂಕಿ ನಂದಿಸುವ ಎಷ್ಟು ಸಿಲಿಂಡರುಗಳು ತೂಗುತ್ತಿವೆ ಎಂಬುದಕ್ಕಿಂತ, ಅವುಗಳಲ್ಲಿ ಒಂದನ್ನಾದರೂ ಅವನು ತನ್ನ ಕೈಯಾರೆ ಹಾರಿಸಿ ನೋಡಿದ್ದಾನೆಯೇ ಎಂಬುದು ಮುಖ್ಯ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕಾಗಿ 2005ರಲ್ಲಿ ಬಂದ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳು ಹೊಸ ಕಾವಲುಗಾರನಿಗೆ ಕನಿಷ್ಠ 100 ಗಂಟೆಗಳ ಪಾಠ ಮತ್ತು 60 ಗಂಟೆಗಳ ಕ್ಷೇತ್ರ ತರಬೇತಿಯನ್ನು ಹೇಳುತ್ತವೆ. ಬೆಂಕಿ ನಂದಿಸುವುದೂ ಅದರಲ್ಲಿ ಸೇರಿದೆ. ಆದರೆ ಒಬ್ಬರು ಹಾರಿಸಿ ತೋರಿಸಿ, ಇಪ್ಪತ್ತು ಜನ ನಿಂತು ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗುವುದನ್ನು ನಾನು ತರಬೇತಿ ಎಂದು ಒಪ್ಪುವುದಿಲ್ಲ. ಪ್ರತಿಯೊಬ್ಬನೂ ಪಿನ್ ಎಳೆಯಬೇಕು, ಪ್ರತಿಯೊಬ್ಬನೂ ಬೆಂಕಿಯ ಕಾವಿನ ಎದುರು ನಿಲ್ಲಬೇಕು.

ಇಷ್ಟೊಂದು ಸಿಲಿಂಡರುಗಳನ್ನು ಎಲ್ಲಿಂದ ತರುವುದು ಎಂದು ಮಾಲೀಕರು ಕೇಳುತ್ತಾರೆ. ಮರುಭರ್ತಿಯ ದಿನಾಂಕ ಹತ್ತಿರ ಬಂದಿರುವ ಸಿಲಿಂಡರುಗಳನ್ನು ಹೇಗೂ ಖಾಲಿ ಮಾಡಿಸಬೇಕಾಗುತ್ತದೆ. ಅವುಗಳನ್ನೇ ತರಬೇತಿಗೆ ತೆಗೆದಿರಿಸಿದರೆ ಹೆಚ್ಚಿನ ಖರ್ಚು ಬರುವುದಿಲ್ಲ. ತೊಗರಿಯ ರಾಶಿಯಾಗಿ ಮಿಲ್ಲುಗಳಿಗೆ ಮಾಲು ತುಂಬಿಕೊಳ್ಳುವ ಮೊದಲೇ ಒಂದು ದಿನ ಗೊತ್ತುಮಾಡಿ, ಸಮೀಪದ ಅಗ್ನಿಶಾಮಕ ಠಾಣೆಗೆ ತಿಳಿಸಿ, ಸಾಧ್ಯವಾದರೆ ಅಲ್ಲಿಯ ಸಿಬ್ಬಂದಿಯನ್ನು ಕರೆಸಬೇಕು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಗಲೂ ಠಾಣೆಯ ಸಿಬ್ಬಂದಿಯನ್ನು ಕರೆಸಬಹುದು. ಆದರೆ ನಮ್ಮ ಭಾಗದ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಬೇಕಾಗುತ್ತದೆ.

ಪ್ರಯೋಗಕ್ಕೆ ಮಾಲು, ಚೀಲ, ವಾಹನಗಳಿಂದ ದೂರವಿರುವ ಬಯಲು ಜಾಗ ಬೇಕು. ಸುಮಾರು ಮೂರು ಅಡಿಯ ಕಬ್ಬಿಣದ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ, ಅದರ ಮೇಲೆ ತೆಳುವಾಗಿ ಡೀಸೆಲ್ ಸುರಿದು, ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿದ ಪಂಜಿನಿಂದ ಹೊತ್ತಿಸಬೇಕು. ಪೆಟ್ರೋಲನ್ನು ಬಳಸಲೇಬಾರದು, ಏಕೆಂದರೆ ಅದರ ಆವಿ ಹೊತ್ತಿಸುವವನ ಕಾಲಿನವರೆಗೂ ಹರಿದುಬಂದಿರುತ್ತದೆ. ಒಂದು ಸಲ ಉರಿದ ತಟ್ಟೆ ಪೂರ್ತಿ ತಣಿಯುವವರೆಗೆ ಮತ್ತೆ ಡೀಸೆಲ್ ಸುರಿಯಬಾರದು. ಒಬ್ಬ ಅನುಭವಿ ತುಂಬಿದ ಸಿಲಿಂಡರನ್ನೂ ಒದ್ದೆ ಗೋಣಿಚೀಲಗಳನ್ನೂ ಹಿಡಿದು ಪಕ್ಕದಲ್ಲೇ ನಿಂತಿರಬೇಕು.

ಬೆಂಕಿ ಹೊತ್ತಿಸುವ ಮೊದಲು ಸಿಲಿಂಡರಿನ ಪರಿಚಯವಾಗಬೇಕು. ಎಬಿಸಿ ಪುಡಿಯ (ಘನ, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಬಳಸುವ ಪುಡಿಯ) ಸಿಲಿಂಡರಿನಲ್ಲಿ ಒತ್ತಡ ತೋರಿಸುವ ಮಾಪಕವಿರುತ್ತದೆ. ಅದರ ಮುಳ್ಳು ಹಸಿರು ಭಾಗದಲ್ಲಿದ್ದರೆ ಸರಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಈ ಮಾಪಕ ಇರುವುದಿಲ್ಲ, ಅದನ್ನು ತೂಕ ಮಾಡಿಯೇ ತಿಳಿಯಬೇಕು. ಒಳಗಿನ ಅನಿಲದಲ್ಲಿ ನೂರಕ್ಕೆ ಹತ್ತರಷ್ಟು ಕಡಿಮೆಯಾಗಿದ್ದರೆ ಮರುಭರ್ತಿ ಮಾಡಿಸಬೇಕು. ಈ ಅನಿಲ 31 ಡಿಗ್ರಿ ದಾಟಿದ ಮೇಲೆ ದ್ರವವಾಗಿ ಉಳಿಯುವುದಿಲ್ಲ, ಒಳಗಿನ ಒತ್ತಡ ವೇಗವಾಗಿ ಏರುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದನ್ನು ಗೇಟಿನ ಬಳಿ ನೇರ ಬಿಸಿಲಿಗೆ ತೂಗುಹಾಕುವುದು ದೊಡ್ಡ ತಪ್ಪು. ತಲೆಕೆಳಗು ಮಾಡಿ ಹಾರಿಸುತ್ತಿದ್ದ ಹಳೆಯ ಸೋಡಾ-ಆಮ್ಲದ ಸಿಲಿಂಡರನ್ನು ಕಂಡ ಹಿರಿಯ ಕಾವಲುಗಾರರಿಗೆ, ಈಗಿನದನ್ನು ಹಾಗೆ ಹಾರಿಸಬಾರದು ಎಂದು ಬಿಡಿಸಿ ಹೇಳಬೇಕು.

ಒಮ್ಮೆ ನಾನು ತರಬೇತಿ ಕೊಡುತ್ತಿದ್ದ ಮಿಲ್ಲಿನಲ್ಲಿ ಐವತ್ತು ದಾಟಿದ ಕಾವಲುಗಾರರೊಬ್ಬರು ಉರಿಯುವ ತಟ್ಟೆಯ ಎದುರು ನಿಂತು, "ಪಿನ್ನು ಬರವಲ್ದ್ರೀ ಸಾಹೇಬ್ರ" ಎಂದು ಕೂಗಿದರು. ಹತ್ತಿರ ಹೋಗಿ ನೋಡಿದರೆ, ಗಾಬರಿಯಲ್ಲಿ ಅವರ ಎಡಗೈ ಹಿಡಿಕೆಯನ್ನು ಬಿಗಿಯಾಗಿ ಅದುಮಿತ್ತು, ಬಲಗೈ ಪಿನ್ನನ್ನು ಜಗ್ಗುತ್ತಿತ್ತು. ಹಿಡಿಕೆ ಅದುಮಿದಷ್ಟೂ ಪಿನ್ನು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಲಿಂಡರನ್ನು ನೆಲಕ್ಕಿಟ್ಟು, ಹಿಡಿಕೆ ಬಿಟ್ಟು, ಪಿನ್ನನ್ನು ಒಂದು ಸುತ್ತು ತಿರುಗಿಸಿದಾಗ ಪ್ಲಾಸ್ಟಿಕ್ ಸೀಲು ಮುರಿದು ಪಿನ್ನು ಸಲೀಸಾಗಿ ಹೊರಬಂತು. ಅಂದಿನಿಂದ ನಾನು ಬೆಂಕಿಯಿಲ್ಲದೆ ಬರೀ ಪಿನ್ ತೆಗೆಯುವುದನ್ನೇ ಪ್ರತಿಯೊಬ್ಬರಿಂದ ಮೂರು ಸಲ ಮಾಡಿಸುತ್ತೇನೆ.

ನಂತರ ಗಾಳಿಗೆ ಬೆನ್ನು ಕೊಟ್ಟು, ಹೊರಹೋಗುವ ದಾರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಂಟು ಹತ್ತು ಅಡಿ ದೂರದಲ್ಲಿ ನಿಲ್ಲಬೇಕು. ಕೊಳವೆಯ ಬಾಯನ್ನು ಮೇಲಿನ ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಕಸ ಗುಡಿಸಿದಂತೆ ಅತ್ತಿಂದಿತ್ತ ಬೀಸುತ್ತಾ ಮುಂದೆ ಸರಿಯಬೇಕು. ಆರು ಕಿಲೋ ಸಿಲಿಂಡರಿನ ಪುಡಿ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಇದನ್ನು ಗಡಿಯಾರ ಹಿಡಿದು ತೋರಿಸಿದಾಗಲೇ ಅವಸರದಲ್ಲಿ ದೂರದಿಂದ ಹಾರಿಸಿ ವ್ಯರ್ಥಮಾಡುವ ಅಭ್ಯಾಸ ನಿಲ್ಲುತ್ತದೆ. ಬೆಂಕಿ ಆರಿದ ಮೇಲೂ ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬರಬೇಕು.

ದಾಲ್ ಮಿಲ್ಲಿನಲ್ಲಿ ಎರಡು ಅಪಾಯಗಳನ್ನು ಬೇರೆಯಾಗಿಯೇ ಕಲಿಸಬೇಕು. ಗೋಣಿಚೀಲದ ಥಪ್ಪಿಗೆ (ಒಂದರ ಮೇಲೊಂದು ಒಟ್ಟಿದ ರಾಶಿಗೆ) ಹತ್ತಿದ ಬೆಂಕಿ ಪುಡಿಯಿಂದ ಕ್ಷಣದಲ್ಲಿ ಆರಿದಂತೆ ಕಾಣುತ್ತದೆ, ಆದರೆ ಪುಡಿ ಜ್ವಾಲೆಯನ್ನು ಕೊಲ್ಲುತ್ತದೆಯೇ ಹೊರತು ಒಳಗಿನ ಕೆಂಡವನ್ನು ತಣಿಸುವುದಿಲ್ಲ. ಗಂಟೆಗಳ ನಂತರ ಅದೇ ಥಪ್ಪಿ ಮತ್ತೆ ಹೊತ್ತಿಕೊಳ್ಳಬಹುದಾದ್ದರಿಂದ, ಚೀಲಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಹೊಯ್ದು ಪೂರ್ತಿ ನೆನೆಸಬೇಕು, ಬೆಳಗಾಗುವವರೆಗೆ ಅಲ್ಲಿ ಒಬ್ಬರು ಕಾಯಬೇಕು. ಎರಡನೆಯದು ಬೇಳೆಯ ಧೂಳು. ತೊಲೆಗಳ ಮೇಲೆ, ಯಂತ್ರಗಳ ಸಂದಿಯಲ್ಲಿ ಕೂತ ಸಣ್ಣ ಧೂಳಿಗೆ ರಭಸದ ಧಾರೆ ಬಡಿದರೆ ಅದು ಗಾಳಿಗೆ ಎದ್ದು, ಪಕ್ಕದ ಬೆಂಕಿಯಿಂದ ಒಮ್ಮೆಲೇ ಸ್ಫೋಟಿಸಬಲ್ಲದು. ಅಂಥ ಜಾಗದಲ್ಲಿ ಹತ್ತಿರ ಹೋಗಿ ಹಾರಿಸುವುದನ್ನು ಬಿಟ್ಟು, ಯಂತ್ರ ನಿಲ್ಲಿಸಿ ಜನರನ್ನು ಹೊರಗೆ ಕಳಿಸುವುದೇ ಸರಿಯಾದ ಕ್ರಮ.

ವಿದ್ಯುತ್ ಪ್ಯಾನೆಲಿಗೆ ಬೆಂಕಿ ಹತ್ತಿದರೆ ಮೊದಲು ಮೇನ್ ಸ್ವಿಚ್ ಆರಿಸಿ, ಕಾರ್ಬನ್ ಡೈಆಕ್ಸೈಡ್ ಬಳಸಬೇಕು. ಹಾರಿಸುವಾಗ ಅನಿಲ ಹೊರಬರುವ ಅದರ ಕಪ್ಪು ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಸುಡುತ್ತದೆ, ಸಣ್ಣ ಕೋಣೆಯಲ್ಲಾದರೆ ಉಸಿರೂ ಕಟ್ಟುತ್ತದೆ. ಕ್ಯಾಂಟೀನಿನ ಗ್ಯಾಸ್ ಉರಿಯುತ್ತಿದ್ದರೆ ರೆಗ್ಯುಲೇಟರ್ ಮುಚ್ಚುವ ಮೊದಲು ಜ್ವಾಲೆ ಆರಿಸಬಾರದು. ಸೋರಿದ ಗ್ಯಾಸು ಹರಡಿ ಇನ್ನೂ ದೊಡ್ಡ ಅನಾಹುತವಾಗುತ್ತದೆ.

ಇಷ್ಟೆಲ್ಲಕ್ಕೂ ಮೊದಲಿನ ಹೆಜ್ಜೆ ಕೂಗು ಮತ್ತು ಫೋನು. ಒಂಟಿ ಕಾವಲುಗಾರ ಸಿಲಿಂಡರಿಗೆ ಕೈ ಹಾಕುವ ಮೊದಲೇ ಸೈರನ್ ಒತ್ತಿ, 101 ಅಥವಾ 112ಕ್ಕೆ ಕರೆಮಾಡಬೇಕು. ಕಪನೂರ ಕೈಗಾರಿಕಾ ಪ್ರದೇಶ, ಇಂಥ ಗೇಟು, ಇಂಥ ಗುರುತು, ಒಳಗೆ ಇಷ್ಟು ಜನ ಎಂದು ಹೇಳುವುದನ್ನು ತರಬೇತಿಯಲ್ಲಿ ಬಾಯಿಬಿಟ್ಟು ಹೇಳಿಸಬೇಕು, ಏಕೆಂದರೆ ಗಾಬರಿಯಲ್ಲಿ ತಮ್ಮ ಮಿಲ್ಲಿನ ಹೆಸರೇ ತೊದಲುವವರನ್ನು ನಾನು ನೋಡಿದ್ದೇನೆ. ಬೆಂಕಿ ಸೊಂಟದೆತ್ತರ ದಾಟಿದ್ದರೆ, ಹೊಗೆ ತುಂಬಿದ್ದರೆ, ಅಥವಾ ಒಂದು ಸಿಲಿಂಡರ್ ಮುಗಿದರೂ ಆರದಿದ್ದರೆ ಅವನು ಹೊರಗೆ ಬರಲೇಬೇಕು. ಹಾಗೆ ಬಂದವನನ್ನು ಯಾರೂ ತಪ್ಪಿತಸ್ಥನೆನ್ನುವುದಿಲ್ಲ ಎಂದು ಮಾಲೀಕರೇ ಎಲ್ಲರೆದುರು ಹೇಳಬೇಕು.

ಅರ್ಧ ಹಾರಿಸಿದ ಸಿಲಿಂಡರನ್ನು ಮತ್ತೆ ಗೋಡೆಗೆ ತೂಗುಹಾಕಬಾರದು. ಕವಾಟದಲ್ಲಿ ಪುಡಿ ಸಿಕ್ಕಿ ಒತ್ತಡ ಸೋರಿಹೋಗಿರುತ್ತದೆ. ಅದಕ್ಕೆ ಕೆಂಪು ಚೀಟಿ ಕಟ್ಟಿ ಅಂದೇ ಮರುಭರ್ತಿಗೆ ಕಳಿಸಿ, ಆ ಜಾಗದಲ್ಲಿ ತುಂಬಿದ ಇನ್ನೊಂದನ್ನು ತೂಗುಹಾಕಿದ ಮೇಲೆಯೇ ರಾತ್ರಿ ಪಾಳಿಯವರಿಗೆ ಗೇಟಿನ ಬೀಗದಕೈ ಒಪ್ಪಿಸಬೇಕು.