ಅಪ್ಪನ ಡಿಸ್ಚಾರ್ಜ್ ಬುಕ್ಕಿಗೆ ಎರಡು ಪದಕ ಸೇರಿಸಿದ ಬಗೆ

ನಮ್ಮ ತಂದೆ 1964ರಲ್ಲಿ ಭೂಸೇನೆಗೆ ಚಾಲಕರಾಗಿ ಸೇರಿ, 1979ರಲ್ಲಿ ಪಿಂಚಣಿಯೊಂದಿಗೆ ಊರಿಗೆ ಮರಳಿದವರು. ಸೇನೆ ಬಿಡುವಾಗ ಸೇವೆಯ ವಿವರ ಬರೆದು ಕೊಟ್ಟ ಅವರ ಡಿಸ್ಚಾರ್ಜ್ ಬುಕ್ಕಿನ ಪದಕಗಳ ಅಂಕಣದಲ್ಲಿ ಎರಡೇ ಹೆಸರುಗಳಿದ್ದವು: ರಕ್ಷಾ ಮೆಡಲ್ 1965 ಮತ್ತು ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಮೆಡಲ್. ಆದರೆ ಅವರ ಟ್ರಂಕಿನಲ್ಲಿ ಮೂರು ಪದಕಗಳಿದ್ದವು. ಮೂರನೆಯದು ಒಂಬತ್ತು ವರ್ಷಗಳ ದೀರ್ಘ ಸೇವೆಯದು. ಇನ್ನು 1971ರ ಯುದ್ಧಕಾಲದಲ್ಲಿ ರಾಜಸ್ಥಾನದ ಗಡಿಯಲ್ಲಿ ಲಾರಿ ಓಡಿಸಿದ್ದಕ್ಕೆ ಬರಬೇಕಿದ್ದ ಸಂಗ್ರಾಮ್ ಮೆಡಲ್ ಟ್ರಂಕಿನಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ.

ಮೇಲುನೋಟಕ್ಕೆ ಎರಡೂ ಒಂದೇ ತಪ್ಪಿನಂತೆ ಕಾಣುತ್ತವೆ, ಆದರೆ ಒಂದೇ ಅಲ್ಲ. ಮೊದಲನೆಯದರಲ್ಲಿ ಸರ್ಕಾರ ಪದಕ ಕೊಟ್ಟಿದೆ, ಬರೆದುಕೊಳ್ಳುವುದನ್ನು ಬಿಟ್ಟಿದೆ. ಎರಡನೆಯದರಲ್ಲಿ ಅರ್ಹತೆಯನ್ನೇ ಯಾರೂ ನೋಡಿಲ್ಲ. ಈ ವ್ಯತ್ಯಾಸವನ್ನು ಅರ್ಜಿಯ ಮೊದಲ ಸಾಲಿನಿಂದಲೇ ಕಾಪಾಡಿಕೊಂಡದ್ದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು.

ಇದರಿಂದ ಹಣ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಬರುವುದಿಲ್ಲ. ಶೌರ್ಯ ಪ್ರಶಸ್ತಿಗಳಿಗೆ ಮಾಸಿಕ ಭತ್ಯೆ ಉಂಟು. ಯುದ್ಧದಲ್ಲಿ ಭಾಗಿಯಾದುದಕ್ಕೆ, ಇಷ್ಟು ವರ್ಷ ಸೇವೆ ಸಲ್ಲಿಸಿದ್ದಕ್ಕೆ ಕೊಡುವ ಪದಕಗಳಿಗೆ ಚಿಕ್ಕಾಸೂ ಇಲ್ಲ. ಹಾಗಿದ್ದರೆ ಈ ಓಡಾಟವೇಕೆ ಎಂದು ನಮ್ಮ ಸಂಬಂಧಿಕರೊಬ್ಬರು ನನ್ನನ್ನು ಕನಿಕರದಿಂದ ನೋಡಿದರು. ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು. ಪಹಣಿಯಲ್ಲಿ ಒಂದು ಗುಂಟೆ ಬಿಟ್ಟುಹೋದರೆ ಮೂರು ತಲೆಮಾರು ಕಚೇರಿ ಅಲೆಯುವವರನ್ನು ಕಂಡಿದ್ದೇನೆ. ಒಬ್ಬ ಮನುಷ್ಯನ ಒಂದು ಇಡೀ ವರ್ಷ ಬಿಟ್ಟುಹೋದದ್ದಕ್ಕೆ ಯಾರೂ ಅಲೆಯಬಾರದೆಂದರೆ ಹೇಗೆ?

ಸೇನೆಯ ವಿಚಾರದಲ್ಲಿ ಮೊದಲು ತಿಳಿಯಬೇಕಾದದ್ದು, ದಾಖಲೆಗಳೆಲ್ಲ ದೆಹಲಿಯಲ್ಲಿ ಒಂದೇ ಕಡೆ ಇರುವುದಿಲ್ಲ ಎಂಬುದು. ಜವಾನರ ಮತ್ತು ಜೆಸಿಒಗಳ (ಸುಬೇದಾರರಂಥ ಕಿರಿಯ ಅಧಿಕಾರಿಗಳ) ಕಡತಗಳು ಆಯಾ ರೆಜಿಮೆಂಟಿನ, ಕೋರಿನ ದಾಖಲೆ ಕಚೇರಿಯಲ್ಲಿರುತ್ತವೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಆರ್ಟಿಲರಿಯದು ನಾಸಿಕ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ. ಅಪ್ಪನದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರ ಹಿಂದಿನವರು ಮಾಡಿದ ಲೋಪಕ್ಕೆ ಈಗ ಕುಳಿತವರನ್ನು ಬೀದಿಗೆಳೆಯುವುದು ನನ್ನ ಉದ್ದೇಶವಲ್ಲ.

ಎರಡನೆಯದು, ಆ ಕಚೇರಿಯಲ್ಲಿ ಏನು ಉಳಿದಿದೆ ಎಂಬುದು. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಸೇವಾ ಕಡತಗಳನ್ನು 25 ವರ್ಷ ಇಟ್ಟುಕೊಂಡು ನಾಶಪಡಿಸಲು ಸೇನಾ ನಿಯಮಾವಳಿಯ 595ನೇ ಪ್ಯಾರಾ ಅವಕಾಶ ಕೊಡುತ್ತದೆ. ಅಂಥವರಿಗೆ ಸಿಗುವುದು ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನ ಒಂದೆರಡು ಸಾಲು ಮಾತ್ರ: ಸಂಖ್ಯೆ, ಹೆಸರು, ಸೇರಿದ ದಿನ, ಬಿಟ್ಟ ದಿನ ಮತ್ತು ಕಾರಣ. ಅಪ್ಪ ಪಿಂಚಣಿದಾರರಾದ್ದರಿಂದ ಅವರ ಶೀಟ್ ರೋಲ್ ಇನ್ನೂ ಇತ್ತು. ಸೈನಿಕನ ಸೇವಾ ಚರಿತ್ರೆಯ ಮೂಲ ಪ್ರತಿ ಎಂದರೆ ಅದೇ. ನಮ್ಮ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ ಅದರಿಂದ ಎತ್ತಿ ಬರೆದದ್ದು. ಹಾಗಾಗಿ ಪುಸ್ತಕವನ್ನಷ್ಟೇ ತಿದ್ದಿಸಲು ಹೋದರೆ ಬೇರನ್ನು ಬಿಟ್ಟು ಎಲೆಗೆ ನೀರು ಹಾಕಿದಂತಾಗುತ್ತದೆ. ಮೊದಲು ಶೀಟ್ ರೋಲಿನಲ್ಲಿ ನಮೂದಾಗಬೇಕು, ಆಮೇಲೆ ಪುಸ್ತಕಕ್ಕೆ ಅದು ಇಳಿಯಬೇಕು.

ಶೀಟ್ ರೋಲಿಗೆ ಏನೇ ಸೇರಬೇಕಿದ್ದರೂ ಅದರ ಹಿಂದೆ ಒಂದು ಪಾರ್ಟ್ ಟೂ ಆರ್ಡರ್ ಇರಬೇಕು. ರಜೆ, ಮದುವೆ, ಮಗುವಿನ ಜನನ, ವರ್ಗಾವಣೆ, ಆಸ್ಪತ್ರೆಗೆ ಸೇರಿದ್ದು, ಪದಕ ಸಿಕ್ಕಿದ್ದು ಎಲ್ಲವನ್ನೂ ಘಟಕದ ಕಚೇರಿ ಈ ಆದೇಶಗಳಲ್ಲಿ ಪ್ರಕಟಿಸಿ ದಾಖಲೆ ಕಚೇರಿಗೆ ಕಳುಹಿಸುತ್ತದೆ. ನಾನು ಕಲಿತದ್ದರಲ್ಲಿ ಬೇರೆಯವರಿಗೆ ಉಪಯೋಗಕ್ಕೆ ಬರುವಂಥದ್ದು ಇದೊಂದೇ ಎನ್ನಬಹುದು: ಆ ಕಚೇರಿಗೆ ನಿಮ್ಮ ನೆನಪು ಬೇಡ, ಆದೇಶದ ಸಂಖ್ಯೆ ಮತ್ತು ದಿನಾಂಕ ಬೇಕು. ಅಪ್ಪನ ನೆನಪು ಈಗಲೂ ಚುರುಕು. ಲಾರಿಯ ನಂಬರನ್ನೂ ಹೇಳುತ್ತಾರೆ. ಅದರಿಂದ ಒಂದು ಅಕ್ಷರವೂ ಮುಂದೆ ಸಾಗಲಿಲ್ಲ.

ಮೊದಲು ಅಪ್ಪನ ಸಹಿಯಲ್ಲೇ ಸಾದಾ ಪತ್ರ ಬರೆದು ಶೀಟ್ ರೋಲಿನ ದೃಢೀಕೃತ ಪ್ರತಿ ಕೇಳಿದೆವು. ಸೇನಾ ಸಂಖ್ಯೆಯನ್ನು ಕೊನೆಯ ಇಂಗ್ಲಿಷ್ ಅಕ್ಷರ ಸಹಿತ ಬರೆದು, ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ, ಮಾಜಿ ಸೈನಿಕರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ್ದೆವು. ಉತ್ತರ ಬರಲಿಲ್ಲ. ಜ್ಞಾಪನ ಪತ್ರಕ್ಕೂ ಬರಲಿಲ್ಲ. ಆಗ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆವು. ಅರ್ಜಿದಾರರು ಅಪ್ಪನೇ ಆಗಿದ್ದರಿಂದ ಇದು ಮೂರನೆಯವರ ವೈಯಕ್ತಿಕ ಮಾಹಿತಿ ಎಂಬ ತಕರಾರಿಗೆ ಜಾಗವಿರಲಿಲ್ಲ. ತಂದೆ ಬದುಕಿದ್ದು ಸಹಿ ಮಾಡಬಲ್ಲವರಾದರೆ ಮಕ್ಕಳು ತಮ್ಮ ಹೆಸರಿನಲ್ಲಿ ಅರ್ಜಿ ಹಾಕುವ ಉತ್ಸಾಹ ತೋರದಿರುವುದು ಒಳ್ಳೆಯದು. ಇನ್ನೊಂದು ಮಾತು: ಈ ದಾರಿ ಭೂಸೇನೆಗೆ ತೆರೆದಿದೆ, ಆದರೆ ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್‌ನಂಥ ಪಡೆಗಳು ಕಾಯ್ದೆಯ ಎರಡನೇ ಅನುಸೂಚಿಯಲ್ಲಿವೆ, ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ ಅವುಗಳಿಗೆ ವಿನಾಯಿತಿ ಇದೆ.

ಅರ್ಜಿಯಲ್ಲಿ ‘ಪದಕವನ್ನು ಏಕೆ ನಮೂದಿಸಿಲ್ಲ’ ಎಂದು ಕೇಳಲಿಲ್ಲ. ಏಕೆ ಎಂಬ ಪ್ರಶ್ನೆ ಕಚೇರಿಗೆ ಉತ್ತರಿಸದಿರಲು ಸಿಗುವ ಅತ್ಯುತ್ತಮ ಅವಕಾಶ. ಬದಲಿಗೆ, 1971ರ ಅಕ್ಟೋಬರ್‌ನಿಂದ 1972ರ ಡಿಸೆಂಬರ್‌ವರೆಗೆ ಅಪ್ಪನ ಸಂಖ್ಯೆಯ ವಿರುದ್ಧ ಪ್ರಕಟವಾದ ಎಲ್ಲ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ, ಶೀಟ್ ರೋಲಿನ ಎಲ್ಲ ಪುಟಗಳ ಪ್ರತಿ, ದೀರ್ಘ ಸೇವಾ ಪದಕದ ಪ್ರದಾನಕ್ಕೆ ಸಂಬಂಧಿಸಿದ ಯಾವುದೇ ನಮೂದಿನ ಪ್ರತಿ ಎಂದು ಮೂರು ಬಾಬತ್ತು ಬರೆದೆ. ಆ ಅವಧಿಯನ್ನು ಸುಮ್ಮನೆ ಆರಿಸಿದ್ದಲ್ಲ. ಸಂಗ್ರಾಮ್ ಮೆಡಲಿಗೆ ಲೆಕ್ಕಕ್ಕೆ ಬರುವುದು 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಸೇವೆ. ಅದೂ ಜಮ್ಮು ಕಾಶ್ಮೀರ, ಪಂಜಾಬ್, ರಾಜಸ್ಥಾನ, ಗುಜರಾತ್, ಪಶ್ಚಿಮ ಬಂಗಾಳ ಮತ್ತು ಈಶಾನ್ಯದ ಕೆಲವು ರಾಜ್ಯಗಳಲ್ಲಿ ಸಲ್ಲಿಸಿದ ಸೇವೆ. ಯುದ್ಧ ಮುಗಿದದ್ದು ಡಿಸೆಂಬರ್ 16, 17ಕ್ಕೆ, ಆಮೇಲಿನದು ಲೆಕ್ಕಕ್ಕಿಲ್ಲ ಎಂದು ಎಷ್ಟೋ ಜನ ನಿವೃತ್ತರೇ ನಂಬಿದ್ದಾರೆ.

ಉತ್ತರ ಕಾಯ್ದೆಯ 30 ದಿನಗಳೊಳಗೆ ಬಂತು. ಪುಟಕ್ಕೆ ಎರಡು ರೂಪಾಯಿಯಂತೆ ಶುಲ್ಕ ಕಟ್ಟಿದ ಮೇಲೆ ಪ್ರತಿಗಳು ಬಂದವು. ಮಸುಕಾದ ಟೈಪ್ ಅಕ್ಷರಗಳು, ನಡುನಡುವೆ ಕೈಬರಹ, ಅರ್ಧ ಪದಗಳೆಲ್ಲ ಸಂಕ್ಷೇಪ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಬಿಡಿಸಿದೆ. ಲೋಪ ಎಲ್ಲಿ ನಡೆಯಿತೆಂಬುದು ಅಲ್ಲಿ ತಿಳಿಯಿತು. 1971ರ ನವೆಂಬರ್‌ನಲ್ಲಿ ಅಪ್ಪನನ್ನು ಅವರ ಸ್ವಂತ ಘಟಕದಿಂದ ಇನ್ನೊಂದು ಘಟಕಕ್ಕೆ ‘ಅಟ್ಯಾಚ್’ ಮಾಡಿದ್ದರು. ಅದು ವರ್ಗಾವಣೆಯಲ್ಲ, ತಾತ್ಕಾಲಿಕ ಜೋಡಣೆ. ಅವರ ಸ್ವಂತ ಘಟಕ ಗಡಿಯಿಂದ ದೂರದ ಶಾಂತಿ ನೆಲೆಯಲ್ಲೇ ಉಳಿದಿತ್ತು. ಪದಕಕ್ಕೆ ಹೆಸರುಪಟ್ಟಿ ತಯಾರಿಸುವ ಹೊತ್ತಿಗೆ, ಜೋಡಣೆಯಾದ ಘಟಕ ‘ಇವರು ನಮ್ಮವರಲ್ಲ’ ಎಂದುಕೊಂಡಿರಬೇಕು, ಸ್ವಂತ ಘಟಕ ‘ನಾವು ಯುದ್ಧಕ್ಷೇತ್ರದಲ್ಲಿರಲಿಲ್ಲ’ ಎಂದುಕೊಂಡಿರಬೇಕು. ಚಾಲಕರು, ಅಡುಗೆಯವರು, ಸಿಗ್ನಲ್ ಆಪರೇಟರುಗಳು, ನರ್ಸಿಂಗ್ ಸಹಾಯಕರು ಹೀಗೆ ಎರಡು ಪಟ್ಟಿಗಳ ನಡುವೆ ಬೀಳುವುದು ಸುಲಭ. ನಿಮ್ಮ ಮನೆಯವರು ಇಂಥ ಕೆಲಸದಲ್ಲಿದ್ದರೆ ಮೊದಲು ಹುಡುಕಬೇಕಾದ ಪದವೇ ಅಟ್ಯಾಚ್‌ಮೆಂಟ್.

ಆದರೂ ಒಂದು ತೊಡಕು ಉಳಿಯಿತು. ಜೋಡಣೆಯ ಆದೇಶದಲ್ಲಿ ಊರಿನ ಹೆಸರಿರಲಿಲ್ಲ. ‘ಕೇರ್ ಆಫ್ 56 ಎಪಿಒ’ ಎಂದಷ್ಟೇ ಇತ್ತು. ಎಪಿಒ ಎಂದರೆ ಸೇನಾ ಅಂಚೆ ಕಚೇರಿ. ಪೂರ್ವದ ಕಡೆಯವರಿಗೆ 99 ಎಪಿಒ, ಉತ್ತರ ಮತ್ತು ಪಶ್ಚಿಮಕ್ಕೆ 56. ಆ ವಿಳಾಸದಿಂದ ರಾಜಸ್ಥಾನವೆಂದು ಸಾಬೀತಾಗುವುದಿಲ್ಲ. ಅಪ್ಪ ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳನ್ನು ತೆಗೆದು ನೋಡಿದೆ. ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ, ದಿನಾಂಕ ಸ್ಪಷ್ಟವಾಗಿದ್ದವು, ಒಳಗೆ ಮಾತ್ರ ಎಮ್ಮೆ ಕರು ಹಾಕಿತೇ, ಸಾಲದ ಕಂತು ಕಟ್ಟಿದಿರಾ ಎಂಬ ವಿಚಾರಗಳೇ. ಎಲ್ಲಿದ್ದೇನೆಂದು ಬರೆಯುವಂತಿರಲಿಲ್ಲವಲ್ಲ. ಕೊನೆಗೆ ದಾರಿ ತೋರಿಸಿದ್ದು ಮಲೇರಿಯಾ. 1972ರ ಜನವರಿಯಲ್ಲಿ ಅಪ್ಪನನ್ನು ಜೋಧಪುರದ ಮಿಲಿಟರಿ ಆಸ್ಪತ್ರೆಗೆ ಸೇರಿಸಿದ್ದು, ಬಿಡುಗಡೆ ಮಾಡಿದ್ದು, ಮತ್ತೆ ಅದೇ ಜೋಡಣೆಯ ಘಟಕಕ್ಕೆ ಮರಳಿದ್ದು ಮೂರೂ ಬೇರೆ ಬೇರೆ ಆದೇಶಗಳಲ್ಲಿ ಪ್ರಕಟವಾಗಿದ್ದವು. ಅವಧಿಯೊಳಗಿನ ದಿನಾಂಕ, ರಾಜಸ್ಥಾನದೊಳಗಿನ ಊರು, ಆದೇಶದ ಸಂಖ್ಯೆ ಒಂದೇ ಪುಟದಲ್ಲಿ ಸಿಕ್ಕವು. ‘ಆ ಜ್ವರ ಅಷ್ಟು ಕೆಲಸಕ್ಕೆ ಬಂತಾ’ ಎಂದು ಅಪ್ಪ ನಕ್ಕರು.

ದೀರ್ಘ ಸೇವಾ ಪದಕದ ಸಾಕ್ಷಿ ಪದಕವೇ. ನಮ್ಮ ಸೇನೆಯ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ಹುದ್ದೆ, ಹೆಸರು ಕೊರೆದಿರುತ್ತಾರೆ. ಬ್ರಾಸೋ ಹಚ್ಚಿ ಉಜ್ಜಿ ಉಜ್ಜಿ ಅಕ್ಷರಗಳು ಸವೆದಿದ್ದವು. ಬೆಳಕಿಗೆ ಓರೆಯಾಗಿ ಹಿಡಿದು, ಅಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಫೋಟೊ ತೆಗೆದೆ. ಹೆಸರಿನಲ್ಲಿ ಒಂದು ಅಕ್ಷರ ಕಡಿಮೆಯಿತ್ತು. ಅದಕ್ಕೆ ಗಾಬರಿಯಾಗಿ ವಕೀಲರ ಬಳಿ ಹೋಗಬೇಕಿಲ್ಲ. ಕನ್ನಡದ ಹೆಸರುಗಳನ್ನು ಬೇರೆ ಭಾಷೆಯವರು ಬರೆದುಕೊಂಡಾಗ ಹೀಗಾಗುವುದು ಕಚೇರಿಗೂ ಗೊತ್ತು. ಸಂಖ್ಯೆ ಸರಿಯಿದ್ದರೆ ಸಾಕು, ಸೇನೆಯಲ್ಲಿ ಮನುಷ್ಯನೆಂದರೆ ಸಂಖ್ಯೆಯೇ.

ಅರ್ಜಿ ಒಂದೇ ಪುಟ. ಅದರಲ್ಲಿ ದೇಶಭಕ್ತಿಯ ಮಾತಿರಲಿಲ್ಲ, ವಯಸ್ಸಿನ ಅಳಲಿರಲಿಲ್ಲ. ಕೋರಿಕೆಗಳನ್ನು ಬೇರೆ ಬೇರೆ ಮಾಡಿದೆ: ಶೀಟ್ ರೋಲಿನಲ್ಲಿ ಎರಡು ಪದಕಗಳ ನಮೂದು, ಡಿಸ್ಚಾರ್ಜ್ ಬುಕ್ಕಿನಲ್ಲಿ ತಿದ್ದುಪಡಿ, ಸಂಗ್ರಾಮ್ ಮೆಡಲಿನ ವಿತರಣೆ. ಲಗತ್ತುಗಳಿಗೆ ಸಂಖ್ಯೆ ಹಾಕಿ, ಯಾವ ಷರತ್ತಿಗೆ ಯಾವ ಪುಟ ಸಾಕ್ಷಿ ಎಂಬುದನ್ನು ಅಂಚಿನಲ್ಲೇ ಸೂಚಿಸಿದೆ. ಮೇಜಿನ ಆ ಬದಿಯಲ್ಲಿ ಕುಳಿತವರು ನಿಮ್ಮ ಅರ್ಜಿಯಿಂದಲೇ ತಮ್ಮ ಟಿಪ್ಪಣಿ ಎತ್ತಿ ಬರೆಯುವಂತಿರಬೇಕು. ಬರೆಯಲು ಸುಲಭವಾದ ಕಡತ ಮೊದಲು ಏಳುತ್ತದೆ. ಅಪ್ಪನ ಜೊತೆಗಿದ್ದ ನಿವೃತ್ತ ಸುಬೇದಾರರೊಬ್ಬರು ಪ್ರೀತಿಯಿಂದ ಪ್ರಮಾಣಪತ್ರ ಬರೆದುಕೊಟ್ಟರು. ಅದನ್ನೂ ಸೇರಿಸಿದೆ, ಕೊನೆಯ ಲಗತ್ತಾಗಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿಂದ ಒಂದು ಹೊದಿಕೆ ಪತ್ರ ಪಡೆದು ಅದರ ಮೂಲಕ ಕಳುಹಿಸಿದೆವು. ಕಚೇರಿಯಿಂದ ಕಚೇರಿಗೆ ಹೋದ ಪತ್ರಕ್ಕೆ ಸಿಗುವ ಗೌರವ ಮನೆಯಿಂದ ಹೋದ ಪತ್ರಕ್ಕೆ ಸಿಗುವುದಿಲ್ಲ. ಇದು ನನ್ನ ನೌಕರಿಯ ಅನುಭವ, ಸೇನೆಯಲ್ಲೂ ಅದೇ.

ಅವರು ಮೂಲ ಡಿಸ್ಚಾರ್ಜ್ ಬುಕ್ ಕೇಳಿದಾಗ ಅಂಚೆಗೆ ಹಾಕಲಿಲ್ಲ. ಪ್ರತಿ ಪುಟದ ನೆರಳಚ್ಚು ತೆಗೆದಿಟ್ಟು, ಅಪ್ಪನೊಂದಿಗೆ ನಾನೇ ಒಯ್ದೆ. ಒಬ್ಬ ತರುಣ ಹವಾಲ್ದಾರ್ ಪುಸ್ತಕ ತೆರೆದು, ಶೀಟ್ ರೋಲಿನ ಪಕ್ಕದಲ್ಲಿಟ್ಟು, ಹಳೆಯ ಎರಡು ನಮೂದುಗಳ ಕೆಳಗೆ ಅದೇ ಅಳತೆಯ ದೊಡ್ಡ ಅಕ್ಷರಗಳಲ್ಲಿ ಹೊಸ ಎರಡನ್ನು ಬರೆದ. ಪಕ್ಕದಲ್ಲಿ ಅಧಿಕಾರವೆಂದು ಆದೇಶದ ಸಂಖ್ಯೆ, ಅಧಿಕಾರಿಯ ಸಹಿ, ದುಂಡು ಮುದ್ರೆ. ಸಂಗ್ರಾಮ್ ಮೆಡಲ್ ಕೈಗೆ ಬಂದಿಲ್ಲ. ಬೇಡಿಕೆ ಪಟ್ಟಿಯಲ್ಲಿ ಹೆಸರು ಸೇರಿದೆ ಎಂಬ ಪತ್ರ ಬಂದಿದೆ.

1971ರಲ್ಲಿ ಪಶ್ಚಿಮ ರಂಗದ ಕಾದಾಟದಲ್ಲಿದ್ದವರಿಗೆ ಕೊಡುವ ಪದಕವಾದ ಪಶ್ಚಿಮಿ ಸ್ಟಾರ್‌ನ ಮಾತು ಬೇರೆ. ತಾನು ಗಡಿ ದಾಟಿ ಗಡರಾ ಸಿಟಿಯಿಂದಾಚೆಗೆ, ನಯಾ ಛೋರ್ ಕಡೆಗೆ ಹೊರಟಿದ್ದ ಪಡೆಗೆ ನೀರು ಹೊತ್ತು ಹೋಗಿದ್ದೆ ಎಂದು ಅಪ್ಪ ಹೇಳುತ್ತಾರೆ. ನಾನು ನಂಬುತ್ತೇನೆ. ಆದರೆ ಆ ಪದಕಕ್ಕೆ ಕಾದಾಟದ ವಲಯದಲ್ಲೇ ಇದ್ದಿರಬೇಕು, ಮತ್ತು 1971ರ ಡಿಸೆಂಬರ್‌ನಲ್ಲಿ ಅವರು ಇಂಥ ಕಡೆ ಇದ್ದರೆಂದು ಹೇಳುವ ಒಂದು ಹಾಳೆಯೂ ನಮ್ಮಲ್ಲಿಲ್ಲ. ಜ್ವರ ಬಂದದ್ದು ಜನವರಿಯಲ್ಲಿ. ದುರ್ಬಲವಾದ ಈ ಕೋರಿಕೆಯನ್ನು ಅದೇ ಅರ್ಜಿಗೆ ಕಟ್ಟಿದ್ದರೆ ಗಟ್ಟಿಯಾದ ಎರಡೂ ಅದರೊಂದಿಗೆ ಕಾಯುತ್ತಿದ್ದವು, ಅದಕ್ಕೇ ಬೇಕೆಂದೇ ಹೊರಗಿಟ್ಟೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ಕೇಳುವುದಾದರೆ ಪೂರ್ತಿ ಕೇಳಬೇಕಿತ್ತು ಎಂದರು.

ಉಳಿದಿರುವುದು ಜೋಡಣೆಯಾದ ಘಟಕದ ಯುದ್ಧ ದಿನಚರಿ. ಅಂಥ ಕಡತಗಳನ್ನು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕೆ ಒಪ್ಪಿಸಬೇಕು, ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯತೆ ತೆರವಾಗಬೇಕು ಎಂದು 2021ರ ಜೂನ್‌ನಲ್ಲಿ ಸಚಿವಾಲಯ ನೀತಿ ಪ್ರಕಟಿಸಿದೆ. ದಿನಚರಿಯಲ್ಲಿ ಒಬ್ಬ ಚಾಲಕನ ಹೆಸರಿರುತ್ತದೆಂಬ ಭ್ರಮೆ ನನಗಿಲ್ಲ. ನೀರಿನ ಲಾರಿಗಳು ಯಾವ ದಿನ ಎಲ್ಲಿಗೆ ಹೋದವೆಂಬ ಸಾಲೊಂದು ಸಿಕ್ಕರೂ, ಲಾರಿಯ ನಂಬರ್ ಹೇಳುವ ಅಪ್ಪನ ನೆನಪಿಗೆ ಆಗ ಮೊದಲ ಬಾರಿ ಬೆಲೆ ಬರಬಹುದು. ಮತ್ತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕಳುಹಿಸಿದ್ದೇನೆ. ಸದ್ಯಕ್ಕೆ ಬಂದಿರುವ ಉತ್ತರ ಇಷ್ಟೇ: ಕಾಯ್ದೆಯ 6(3)ನೇ ಕಲಮಿನಂತೆ ಅರ್ಜಿಯನ್ನು ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಲಾಗಿದೆ.