ಮೌಂಟ್ ಸೋತಾಗ ಇನೋಡ್ ಯಾರ ಕೈಯಲ್ಲಿದೆ?

ಬೆಂಗಳೂರಿನಲ್ಲಿ ಸ್ಟೋರೇಜ್ ಕೆಲಸಕ್ಕೆ ಹೊಸದಾಗಿ ಬರುವವರು ಲಿನಕ್ಸ್ ಫೈಲ್‌ಸಿಸ್ಟಮ್ ಅಂದರೆ ಮೊದಲು ರೀಡ್, ರೈಟ್ ಕೋಡ್ ತೆರೆಯುತ್ತಾರೆ. ನಾನು ಶುರು ಮಾಡುವುದು, ಮೌಂಟ್ ಮಾಡುವಾಗ (ಫೈಲ್‌ಸಿಸ್ಟಮ್ ಅನ್ನು ಬಳಕೆಗೆ ಜೋಡಿಸುವಾಗ) ಅದರ ಒಟ್ಟು ಮಾಹಿತಿಯನ್ನು ತುಂಬುವ ಫಿಲ್_ಸೂಪರ್ ಫಂಕ್ಷನ್ ಅರ್ಧದಲ್ಲೇ ಸೋಲುವ ದಾರಿಯಿಂದ. ನನಗೆ ಸಿಕ್ಕಿದ ರೆಫರೆನ್ಸ್ (ಯಾರು ಏನನ್ನು ಹಿಡಿದಿದ್ದಾರೆ ಎನ್ನುವ ಲೆಕ್ಕದ) ತಪ್ಪುಗಳಲ್ಲಿ ಹೆಚ್ಚಿನವು ಅಲ್ಲೇ ಇದ್ದವು.

ಇನೋಡ್ ಅಂದರೆ ಒಂದು ಫೈಲಿನ ವಿವರಗಳ ದಾಖಲೆ. ಅದಕ್ಕೆ ಎರಡು ಲೆಕ್ಕ. ಡಿಸ್ಕಿನಲ್ಲಿ ಎಷ್ಟು ಹೆಸರುಗಳಿವೆ ಎನ್ನುವುದು ಐ_ಎನ್‌ಲಿಂಕ್. ಮೆಮೊರಿಯಲ್ಲಿ ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎನ್ನುವುದು ಐ_ಕೌಂಟ್. ಹಿಡಿತ ಬಿಡುವ ಐಪುಟ್ ಫಂಕ್ಷನ್ ಇಳಿಸುವುದು ಎರಡನೆಯದನ್ನು ಮಾತ್ರ. ಅದು ಸೊನ್ನೆಗೆ ಬಂದರೂ ಹೆಸರು ಉಳಿದಿದ್ದರೆ ಇನೋಡ್ ಸಾಮಾನ್ಯವಾಗಿ ಕ್ಯಾಶ್‌ನಲ್ಲೇ ಉಳಿಯುತ್ತದೆ. ಆದರೆ ಮೌಂಟ್ ಮುಗಿಯುವ ಮೊದಲು ಫೈಲ್‌ಸಿಸ್ಟಮ್ ಚಾಲ್ತಿಯಲ್ಲಿದೆ ಎನ್ನುವ ಎಸ್‌ಬಿ_ಆಕ್ಟಿವ್ ಬಿಟ್ ಇರುವುದಿಲ್ಲವಲ್ಲ, ಆಗ ಕೊನೆಯ ಐಪುಟ್ ಅಲ್ಲೇ, ಇನೋಡನ್ನು ಮೆಮೊರಿಯಿಂದ ತೆಗೆಯುವ ನಮ್ಮ ಇವಿಕ್ಟ್_ಇನೋಡ್ ಅನ್ನು ಕರೆಯುತ್ತದೆ. ಅದು ಇನ್ನೂ ತುಂಬಿರದ ಪಾಯಿಂಟರ್ ಮುಟ್ಟಿದರೆ ಊಪ್ಸ್ (ಕರ್ನಲ್‌ನ ಕ್ರ್ಯಾಶ್ ವರದಿ) ಖಚಿತ.

ರೂಟ್ ಡೈರೆಕ್ಟರಿಯನ್ನು ಕಟ್ಟುವ ಡಿ_ಮೇಕ್_ರೂಟ್ ತನಗೆ ಕೊಟ್ಟ ರೆಫರೆನ್ಸನ್ನು ನುಂಗುತ್ತದೆ. ತಾನು ಸೋತರೂ ಐಪುಟ್ ತಾನೇ ಮಾಡುತ್ತದೆ. ನಾವು ಇನ್ನೊಂದು ಐಪುಟ್ ಹಾಕಿದರೆ ಬೇರೆಯವರ ಪಾಲನ್ನು ಕಳೆದಂತೆ. ಹೆಸರಿಗೆ ಇನೋಡ್ ಜೋಡಿಸುವ ಡಿ_ಸ್ಪ್ಲೈಸ್_ಅಲಿಯಾಸ್ ಕೂಡ ಹಾಗೆಯೇ. ಇಂಥ ಕರೆಯ ಮರುಸಾಲಿನಲ್ಲೇ ಪಾಯಿಂಟರ್‌ಗೆ ನಲ್ ಹಾಕುತ್ತೇನೆ. ಐಪುಟ್‌ಗೆ ನಲ್ ಸಿಕ್ಕರೆ ತೊಂದರೆಯಿಲ್ಲ.

ಡಿ_ಮೇಕ್_ರೂಟ್ ಅನ್ನು ಫಿಲ್_ಸೂಪರ್‌ನ ಕೊನೆಯ ಕೆಲಸವಾಗಿ ಇಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ರೂಟನ್ನು ಹಿಡಿದಿಡುವ ಎಸ್_ರೂಟ್ ತುಂಬಿದ್ದರೆ ಮಾತ್ರ, ಮುಚ್ಚುವಾಗ ಎಲ್ಲವನ್ನೂ ಬಿಡಿಸುವ ಪುಟ್_ಸೂಪರ್ ನಡೆಯುತ್ತದೆ. ರೂಟ್ ಆದಮೇಲೆ ಏನಾದರೂ ಸೋತು, ಎರರ್ ದಾರಿಯಲ್ಲಿ ನಾವೂ ಜರ್ನಲ್ (ಬದಲಾವಣೆಗಳನ್ನು ಬರೆದಿಡುವ ಜಾಗ) ಇನೋಡ್ ಬಿಟ್ಟರೆ, ಪುಟ್_ಸೂಪರ್ ಅದನ್ನೇ ಮತ್ತೆ ಬಿಡುತ್ತದೆ. ನಮ್ಮ ಫೈಲ್‌ಸಿಸ್ಟಮ್‌ನ ಸ್ವಂತ ಮಾಹಿತಿ ಇರುವ ಎಸ್_ಎಫ್‌ಎಸ್_ಇನ್ಫೊ ಮೆಮೊರಿಯನ್ನಂತೂ ಎರಡೂ ಕಡೆ ಮುಟ್ಟುವುದಿಲ್ಲ. ಫೈಲ್‌ಸಿಸ್ಟಮ್ ಮುಚ್ಚುವ ನಮ್ಮ ಕಿಲ್_ಎಸ್‌ಬಿಯಲ್ಲಿ, ಕರ್ನಲ್‌ನ ಕಿಲ್_ಬ್ಲಾಕ್_ಸೂಪರ್ ಮುಗಿದ ಮೇಲೆ, ಒಂದೇ ಕಡೆ ಬಿಡಿಸುತ್ತೇನೆ.

ಇಲ್ಲೊಂದು ಮೋಸವಿದೆ. ‘ಬ್ಯುಸಿ ಇನೋಡ್ಸ್ ಆಫ್ಟರ್ ಅನ್‌ಮೌಂಟ್’ ಎಚ್ಚರಿಕೆಯ ತಪಾಸಣೆಯೂ ಎಸ್_ರೂಟ್ ಇದ್ದಾಗ ಮಾತ್ರ. ಮೌಂಟ್ ಸೋತಾಗ ಸೋರಿದ ಇನೋಡ್ ಬಗ್ಗೆ ಕರ್ನಲ್ ಆಗ ಏನೂ ಹೇಳುವುದಿಲ್ಲ. ಮಾಡ್ಯೂಲ್ ತೆಗೆಯುವಾಗ, ಇನೋಡ್‌ಗಳಿಗೆ ಮೆಮೊರಿ ಕೊಡುವ ಸ್ಲ್ಯಾಬ್ ಕ್ಯಾಶ್‌ನಲ್ಲಿ ಇನ್ನೂ ಆಬ್ಜೆಕ್ಟ್‌ಗಳಿವೆ ಎಂಬ ದೂರು ಬಂದಾಗಲೇ ಗೊತ್ತಾಗುವುದು.

ಅದಕ್ಕೇ ಕಾಸಾನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಮತ್ತು ಫೇಲ್‌ಸ್ಲ್ಯಾಬ್ (ಅಲೊಕೇಶನ್, ಅಂದರೆ ಮೆಮೊರಿ ಪಡೆಯುವುದನ್ನು, ಬೇಕೆಂದೇ ಸೋಲಿಸುವ ಸಾಧನ) ಸೇರಿಸಿ ಕಟ್ಟಿದ ಕರ್ನಲ್‌ನಲ್ಲಿ ಪರೀಕ್ಷೆ ಮಾಡುತ್ತೇನೆ. ಸಣ್ಣ ಸಿ ಪ್ರೋಗ್ರಾಂ ತನ್ನ ಫೇಲ್-ಎನ್‌ಟಿಎಚ್ ಫೈಲಿಗೆ 1 ಬರೆದು ತಾನೇ ಮೌಂಟ್ ಮಾಡುತ್ತದೆ. ಆಮೇಲೆ 2, 3, ಹೀಗೆ. ಪ್ರತಿ ಸಲವೂ ಆ ಸಂಖ್ಯೆಯ ಅಲೊಕೇಶನ್ ಸೋಲುತ್ತದೆ. ಮೌಂಟ್ ಆದಮೇಲೆ ಆ ಫೈಲನ್ನು ಓದಿ, 0 ಬಂದರೆ ಮುಂದಿನ ಸಂಖ್ಯೆಗೆ ಹೋಗಿ. ಉಳಿಕೆ ಕಂಡರೆ ಅಲೊಕೇಶನ್‌ಗಳು ಮುಗಿದವು. ಕಾಯಬಲ್ಲ ಅಲೊಕೇಶನ್‌ಗಳನ್ನು ಸೋಲಿಸದೆ ಬಿಡುವ, ಫೇಲ್‌ಸ್ಲ್ಯಾಬ್‌ನ ಇಗ್ನೋರ್-ಜಿಎಫ್‌ಪಿ-ವೇಟ್ ಆಯ್ಕೆಗೆ ‘ಎನ್’ ಹಾಕಲು ಮರೆತರೆ, ಕಾಯಬಲ್ಲ ಸಾಮಾನ್ಯ ಜಿಎಫ್‌ಪಿ_ಕರ್ನಲ್ ಅಲೊಕೇಶನ್‌ಗಳು ಸೋಲುವುದೇ ಇಲ್ಲ, ಪರೀಕ್ಷೆ ಸುಳ್ಳು ಭರವಸೆ ಕೊಡುತ್ತದೆ.

ಪ್ರತಿ ಸುತ್ತಿನ ಕೊನೆಗೆ ಮಾಡ್ಯೂಲ್ ತೆಗೆದು ಡಿಮೆಸೇಜ್ (ಕರ್ನಲ್ ಲಾಗ್) ನೋಡಿ. ಇನೋಡ್ ಮೆಮೊರಿ ಆರ್‌ಸಿಯು ಅವಧಿ (ಈಗಾಗಲೇ ಓದುತ್ತಿರುವವರು ಮುಗಿಸುವವರೆಗಿನ ಕಾಯುವಿಕೆ) ಕಳೆದ ಮೇಲಷ್ಟೇ ಮರಳುವುದರಿಂದ, ಮಾಡ್ಯೂಲ್‌ನ ಎಕ್ಸಿಟ್ ಫಂಕ್ಷನ್‌ನಲ್ಲಿ ಕ್ಯಾಶ್ ಕೆಡವುವ ಮೊದಲು, ಬಾಕಿ ಬಿಡುಗಡೆಗಳು ಮುಗಿಯುವವರೆಗೆ ಕಾಯುವ ಆರ್‌ಸಿಯು_ಬ್ಯಾರಿಯರ್ ಇರಲೇಬೇಕು. ಇಲ್ಲದಿದ್ದರೆ ಸರಿಯಾದ ಕೋಡ್ ಕೂಡ ಸೋರಿದಂತೆ ಕಾಣುತ್ತದೆ.