ಪ್ಲಗ್ ಬದಲಿಸಿದರೂ ಮುಗಿಯದ ತೊಂದರೆ ಕಾರ್ಬ್ಯುರೇಟರ್‌ನಲ್ಲಿತ್ತು

ಹಿಮದ ಮೇಲೆ ಓಡುವ ನನ್ನ ಗಾಡಿ, ಫೋರ್‌ಸ್ಟ್ರೋಕ್ ಸ್ನೋಮೊಬೈಲ್, ಬೇಸಿಗೆಯಿಡೀ ನಿಂತಿತ್ತು. ಚಳಿ ಶುರುವಾದಾಗ ಚೋಕ್ (ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆದರೆ ಮಾತ್ರ ಓಡುತ್ತಿತ್ತು, ಬಿಟ್ಟ ತಕ್ಷಣ ಆಫ್. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಪ್ಪು ಮಸಿ, ಪೆಟ್ರೋಲ್ ಒದ್ದೆ. ಹೊಸ ಪ್ಲಗ್ ಹಾಕಿದೆ. ಸ್ವಲ್ಪ ದಿನಕ್ಕೆ ಅವೂ ಹಾಗೇ ಆದವು.

ಫೋರ್‌ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಉರಿಯುವುದಿಲ್ಲ. ಹಾಗಾಗಿ ಟೂಸ್ಟ್ರೋಕ್‌ಗಿಂತ ಪ್ಲಗ್ ಜಾಸ್ತಿ ಕಾಲ ಬರಬೇಕು. ಬೇಗ ಹಾಳಾಗುತ್ತಿದೆ ಎಂದರೆ ಕಾರಣ ಬೇರೆಲ್ಲೋ ಇದೆ ಅಲ್ವಾ?

ಪೆಟ್ರೋಲ್ ಬರುವ ನಲ್ಲಿಯನ್ನು ಬಂದ್ ಮಾಡಿ, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇಳಿಸಿ, ಅದರ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಫ್ಲೋಟ್ ಬೌಲ್, ತೆಗೆದೆ. ತಳದಲ್ಲಿ ಹಳೆಯ ಪೆಟ್ರೋಲ್‌ನ ಅಂಟು. ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ! ಐಡಲ್‌ಗೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನ ಓಡುವಾಗ, ಪೆಟ್ರೋಲ್ ಕೊಡುವುದು ಸಣ್ಣ ತೂತಿನ ಇದೇ ಪುಟ್ಟ ಜೆಟ್. ಇದು ಕಟ್ಟಿಕೊಂಡರೆ ಚೋಕ್ ಮೇಲೇ ಓಡಿಸಬೇಕಾಗುತ್ತದೆ, ಚೋಕ್ ಜಾಸ್ತಿಯಾದರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ವೈರ್‌ನ ಒಂದು ತಾಮ್ರದ ಎಳೆ ತೂರಿಸಿ, ಗಾಳಿ ಊದಿದೆ. ಉಕ್ಕಿನ ಸೂಜಿ ಖಂಡಿತ ಬೇಡ, ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಅಳತೆಯೇ ಹೋಯಿತು.

ಹೊಸ ಪ್ಲಗ್‌ಗಳ ಗ್ಯಾಪ್ (ಕಿಡಿ ಹಾರುವ ಸಂದು) ಮ್ಯಾನ್ಯುಯಲ್ ನೋಡಿ ಹೊಂದಿಸಿದೆ. ಪ್ಲಗ್ ಕೂರುವ ಎಂಜಿನ್ ಹೆಡ್ ಮೆತ್ತಗಿನ ಅಲ್ಯೂಮಿನಿಯಂ ಆದ್ದರಿಂದ, ಥ್ರೆಡ್ ಹಾಳಾಗದಂತೆ ಎಂಜಿನ್ ತಣ್ಣಗಿದ್ದಾಗ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕಿದೆ.

ಈಗ ಐಡಲ್ ಗಟ್ಟಿಯಾಗಿ ನಿಲ್ಲುತ್ತದೆ, ಪ್ಲಗ್ ತುದಿ ತಿಳಿ ಕಂದು. ಸುಮ್ನೆ ಒಂದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದನ್ನೂ ಬಿಟ್ಟಿದ್ದೇನೆ, ತಣ್ಣನೆಯ ಎಂಜಿನ್‌ನಲ್ಲಿ ಮಸಿ ಸುಟ್ಟುಹೋಗುವುದಿಲ್ಲ. ಸೀಸನ್ ಮುಗಿದ ಕೂಡಲೇ ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಪೂರ್ತಿ ಖಾಲಿ ಮಾಡುತ್ತೇನೆ.